ನಿಮ್ಮ ಹೊಟ್ಟೆಗೂ ಸ್ವಲ್ಪ ಪುರುಸೊತ್ತು ಕೊಡಿ

ಯಜಮಾನರ ಡಬ್ಬಿ, ಮಕ್ಕಳ ಸ್ಕೂಲ್ ವ್ಯಾನ್ ಎಲ್ಲ ಮುಗಿದ ಮೇಲೆ ಅಡುಗೆಕಟ್ಟೆಗೆ ಒರಗಿ ನಿಂತು ಎರಡು ತಣ್ಣಗಿನ ದೋಸೆ ನುಂಗೋದು, ಆಮೇಲೆ 'ಯಾಕೋ ಗ್ಯಾಸ್' ಅಂತ ಮಾತ್ರೆ ಹುಡುಕೋದು. ಕತ್ರಿಗುಪ್ಪೆಯ ನಮ್ಮ ಬೀದಿಯಲ್ಲಿ ಎಷ್ಟೋ ಮನೆಗಳ ಕಥೆ ಇದು. ನಿಮ್ಮದೂ ಇದೇನಾ?

ಜೀರ್ಣಕ್ರಿಯೆ ಶುರುವಾಗೋದು ಹೊಟ್ಟೆಯಲ್ಲಲ್ಲ, ಬಾಯಲ್ಲಿ. ಚೆನ್ನಾಗಿ ಅಗಿದಾಗ ಜೊಲ್ಲು ಬೆರೆತು ಅನ್ನದ ಪಿಷ್ಟ ಒಡೆಯತೊಡಗುತ್ತದೆ. ಜಠರಕ್ಕೆ ಹಲ್ಲಿಲ್ಲ, ಆಮ್ಲ ಸುರಿಸಿ ಕಡೆಯಲು ಅದಕ್ಕೆ 2ರಿಂದ 4 ಗಂಟೆ ಬೇಕು. ನಂತರ ಸುಮಾರು 6 ಮೀಟರ್ ಉದ್ದದ ಸಣ್ಣಕರುಳು ಸಾರ ಹೀರಿಕೊಳ್ಳುತ್ತದೆ. 'ಸಾಕು' ಅನ್ನೋ ಸುದ್ದಿ ಮಿದುಳಿಗೆ ಮುಟ್ಟಲು ಸುಮಾರು 20 ನಿಮಿಷ. ಐದೇ ನಿಮಿಷದಲ್ಲಿ ಗಬಗಬ ತಿಂದರೆ ಊಟವೂ ಹೆಚ್ಚು, ಜೊತೆಗೆ ನುಂಗಿದ ಗಾಳಿಯೂ ಹೆಚ್ಚು. ಗ್ಯಾಸ್‌ಗೆ ಅದೂ ಒಂದು ಕಾರಣ.

ಕೊನೆಯಲ್ಲಿ ತಿನ್ನೋದು ತ್ಯಾಗವಲ್ಲ, ಬರೀ ಅಭ್ಯಾಸ. ರಾತ್ರಿಯಾದರೂ ಎಲ್ಲರ ಜೊತೆ ಕೂತು ಉಣ್ಣಿ, ಬೇಕಾದವರು ಬಡಿಸಿಕೊಳ್ಳಲಿ. ಊಟಕ್ಕೂ ನಿದ್ದೆಗೂ ಎರಡು ಮೂರು ಗಂಟೆ ಅಂತರವಿರಲಿ. ಎದೆಯುರಿ ವಾರಗಟ್ಟಲೆ ಬಿಡದಿದ್ದರೆ, ತೂಕ ಸುಮ್ಮನೆ ಇಳಿದರೆ, ಮಲ ಕಪ್ಪಾದರೆ ಮಾತ್ರೆ ನುಂಗುತ್ತಾ ಕೂರಬೇಡಿ, ಡಾಕ್ಟರಿಗೆ ತೋರಿಸಿ. ಮನೆಯವರಿಗಾದರೆ ಅಂದೇ ಓಡುತ್ತಿದ್ದಿರಿ, ಅಲ್ಲವೇ?