ಶಾಲೆ ಯಾರ ಅಗತ್ಯ?

‘ಶಾಲೆಯೊಳಗೆ ರಾಜಕೀಯ ಬೇಡ’ ಎಂಬ ಮಾತು ನಮ್ಮ ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಅದರ ಹಿಂದಿನ ಕಳಕಳಿ ಒಪ್ಪತಕ್ಕದ್ದೇ. ಆದರೆ ಸರ್ಕಾರಿ ಶಾಲೆ ಹುಟ್ಟಿದ್ದೇ ರಾಜಕೀಯದ ತೊಟ್ಟಿಲಲ್ಲಿ ಎಂಬುದನ್ನು ಮರೆಯಲಾಗದು.

1822ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ಪ್ರಾಂತ್ಯದ ಶಾಲೆಗಳ ಲೆಕ್ಕ ಕೇಳಿದರು. ಆಗ ಬಳ್ಳಾರಿಯೂ ಇಲ್ಲಿಂದಲೇ ಆಳಲ್ಪಡುತ್ತಿತ್ತು. ಅಲ್ಲಿನ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಕೊಟ್ಟ ವರದಿಯ ಪ್ರಕಾರ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು. ಕನ್ನಡದವು 235, ತೆಲುಗಿನವು 226, ಇಂಗ್ಲಿಷಿನದು ಒಂದೇ. ಇವುಗಳಲ್ಲಿ ಒಂದಕ್ಕೂ ಸರ್ಕಾರದ ನೆರವಿಲ್ಲವೆನ್ನಲು ನಾಚಿಕೆಯಾಗುತ್ತದೆ ಎಂದು ಅವರೇ ಬರೆದರು. ಹಾಗೆಂದು ಅದನ್ನು ಸುವರ್ಣಯುಗವೆನ್ನುವುದೂ ಸಲ್ಲದು: ಸುಮಾರು ಒಂಬತ್ತು ಲಕ್ಷ ಜನರ ಜಿಲ್ಲೆಯಲ್ಲಿ ಓದುತ್ತಿದ್ದವರು 6,641 ಮಕ್ಕಳು, ಅವರಲ್ಲಿ ಹೆಣ್ಣುಮಕ್ಕಳು ಕೇವಲ 60.

ಜಿಲ್ಲೆ, ತಾಲ್ಲೂಕುಗಳಲ್ಲಿ ಸರ್ಕಾರವೇ ಶಾಲೆ ತೆರೆಯಬೇಕೆಂದು ಮನ್ರೋ 1826ರಲ್ಲಿ ಸೂಚಿಸಿದರು. ಮುಂದಿನ ವರ್ಷವೇ ಅವರು ತೀರಿಕೊಂಡರು. ಮೆಕಾಲೆಯ ಟಿಪ್ಪಣಿ ಬಂದ ಮರುವರ್ಷ, 1836ರಲ್ಲಿ, ಆ ಶಾಲೆಗಳನ್ನು ಕೈಬಿಡಲಾಯಿತು. 1854ರ ಚಾರ್ಲ್ಸ್ ವುಡ್ ನಿರೂಪ ದೇಶಭಾಷೆಗಳ ಮಾತನ್ನಾಡಿತು, ನಿಜ. ಆದರೆ ಆಡಳಿತಕ್ಕೆ ನಂಬಿಕಸ್ಥ ನೌಕರರು, ಇಂಗ್ಲೆಂಡಿನ ಸರಕಿಗೆ ಗಿರಾಕಿಗಳು ದೊರೆಯುವರೆಂಬ ಲೆಕ್ಕಾಚಾರವನ್ನೂ ಅದು ಮುಚ್ಚಿಡಲಿಲ್ಲ.

ಆಳುವವರ ಅಗತ್ಯ ತೆರೆದ ಬಾಗಿಲು ಎಲ್ಲರಿಗೂ ತೆರೆಯಲಿಲ್ಲ. ನಾನು ವಾಸಿಸುವ ಬೆಸೆಂಟ್ ನಗರದಲ್ಲಿ ಇಂದಿಗೂ ಇರುವ ಆಲ್ಕಾಟ್ ಸ್ಮಾರಕ ಶಾಲೆ ಅದಕ್ಕೆ ಸಾಕ್ಷಿ. ಥಿಯಾಸಫಿಕಲ್ ಸೊಸೈಟಿಯ ಕರ್ನಲ್ ಆಲ್ಕಾಟ್ ‘ಪಂಚಮ’ರೆಂದು ದೂರವಿಡಲಾಗಿದ್ದ ಮಕ್ಕಳಿಗಾಗಿ 1894ರಲ್ಲಿ ಅದನ್ನು ಆರಂಭಿಸಿದರು. ವುಡ್ ನಿರೂಪಕ್ಕೆ ಆಗ ನಲವತ್ತು ವರ್ಷ. 1920ರಲ್ಲಿ ಮದರಾಸು ನಗರಸಭೆ ತೌಸಂಡ್ ಲೈಟ್ಸ್ ಶಾಲೆಯಲ್ಲಿ ಮಧ್ಯಾಹ್ನದ ಊಟ ಕೊಡಲಾರಂಭಿಸಿದ್ದು ಜಸ್ಟಿಸ್ ಪಕ್ಷದ ಪಿ. ತ್ಯಾಗರಾಯ ಚೆಟ್ಟಿಯವರ ಮುಂದಾಳತ್ವದಲ್ಲಿ. ಹಸಿದ ಮಗುವನ್ನು ಶಾಲೆಗೆ ಕರೆತಂದದ್ದೂ ರಾಜಕೀಯವೇ.

ಆದ್ದರಿಂದ ಕೇಳಬೇಕಾದದ್ದು ಶಾಲೆಯಲ್ಲಿ ರಾಜಕೀಯವಿರಬೇಕೇ ಎಂದಲ್ಲ, ಯಾರ ಅಗತ್ಯದ ರಾಜಕೀಯ ಎಂದು. ವರ್ಗಾವಣೆಯಾಗುವ ನಮ್ಮಂಥ ಕೇಂದ್ರ ನೌಕರರ ಮಕ್ಕಳಿಗೆಂದು 1963ರಲ್ಲಿ ಕೇಂದ್ರೀಯ ಶಾಲೆಗಳು ಹುಟ್ಟಿದವು. ಪ್ರಭುತ್ವಕ್ಕೆ ನಮ್ಮ ಅಗತ್ಯವಿತ್ತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸಾಕಷ್ಟು ಅನುಕೂಲ ಕಲ್ಪಿಸಲು ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ 1956ರಿಂದಲೂ ಹೇಳುತ್ತಿದೆ. ಅದು ತಾನಾಗಿ ಕೈಗೆ ಬರುವ ವರವಲ್ಲ. ಹೊರನಾಡಿನಲ್ಲಿ ರಾಜ್ಯೋತ್ಸವದ ವೇದಿಕೆ ಕಟ್ಟುವ ನಾವು, ಪಕ್ಕದ ಬೀದಿಯ ಸರ್ಕಾರಿ ಶಾಲೆಯ ಬಗ್ಗೆಯೂ ನಮ್ಮ ಮಕ್ಕಳ ಕನ್ನಡದ ಬಗ್ಗೆಯೂ ಒಂದು ಅರ್ಜಿಯನ್ನಾದರೂ ಬರೆಯಬೇಕು. ಕೇಳದವರ ಅಗತ್ಯವನ್ನು ಯಾವ ಸರ್ಕಾರವೂ ತಾನಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ.