ಲ್ಯಾಬಿಗೂ ರಾತ್ರಿ ಪಾಳಿ ಬೇಕು

ಡೊಂಬಿವಲಿಯಿಂದ ಥಾಣೆ, ಅಲ್ಲಿ ಇಳಿದು ಟ್ರಾನ್ಸ್‌ಹಾರ್ಬರ್ ಲೋಕಲ್ ಹಿಡಿದು ಘನ್ಸೋಲಿ, ಅಲ್ಲಿಂದ ರಿಕ್ಷಾದಲ್ಲಿ ಮಹಾಪೆ. ಎಂಟು ವರ್ಷಗಳಿಂದ ಇದೇ ನನ್ನ ದಾರಿ. ಮಹಾಪೆಯ ಕೈಗಾರಿಕಾ ಪ್ರದೇಶದಲ್ಲಿ ಐಡಿಯಾಫೋರ್ಜ್ ಎಂಬ ಡ್ರೋನ್ ಕಂಪನಿಯಿದೆ. ಐಐಟಿ ಬಾಂಬೆಯಲ್ಲಿ ಓದಿದ ಹುಡುಗರು 2007ರಲ್ಲಿ ಶುರು ಮಾಡಿದ್ದು. ಐಐಟಿಯೊಳಗೆ 2004ರಿಂದ ಇರುವ ‘ಸೈನ್’ ಎಂಬ ಇನ್‌ಕ್ಯುಬೇಷನ್ ಸೆಂಟರ್ ಅದನ್ನು ಸಾಕಿ ಬೆಳೆಸಿತು. 2023ರಲ್ಲಿ ಕಂಪನಿ ಷೇರುಪೇಟೆಗೂ ಬಂತು.

ಈ ಕಥೆ ಹೇಳಿದರೆ ಆಫೀಸಿನಲ್ಲಿ ಬರುವ ಉತ್ತರ ಒಂದೇ: ‘ಐಐಟಿ ಅಲ್ವಾ, ಬಿಡಿ.’ ನಾನೂ ಹಾಗೇ ಅಂದುಕೊಂಡಿದ್ದೆ. ಐಐಟಿಯವರಿಗೆ ಸಿಕ್ಕಿದ್ದೇನು, ನಮಗೆ ಸಿಗದೇ ಹೋದದ್ದೇನು ಎಂಬುದು ತಿಳಿದದ್ದು ನಾವೇ ಕೈ ಸುಟ್ಟುಕೊಂಡ ಮೇಲೆ.

ಡೊಂಬಿವಲಿ ಎಂಐಡಿಸಿಯ ಹತ್ತಿರ ಮನೆ ಮಾಡಿದವರಿಗೆ ಕೆಮಿಕಲ್ ವಾಸನೆಯನ್ನು ಯಾರೂ ಪರಿಚಯಿಸಬೇಕಿಲ್ಲ. 2020ರಲ್ಲಿ ಇಲ್ಲಿನ ಒಂದು ರಸ್ತೆ ಗುಲಾಬಿ ಬಣ್ಣಕ್ಕೆ ತಿರುಗಿದ್ದು ದೇಶಕ್ಕೆಲ್ಲ ಸುದ್ದಿಯಾಯಿತು. 2016ರ ಮೇ, 2024ರ ಮೇ, ಎರಡು ಸಲವೂ ಕಾರ್ಖಾನೆ ಸ್ಫೋಟದಲ್ಲಿ ಜನ ಸತ್ತರು. ನಾವು ಮೂವರು ಗೆಳೆಯರು ಕೈ ಹಾಕಿದ್ದು ಅಷ್ಟು ದೊಡ್ಡ ವಿಷಯಕ್ಕಲ್ಲ. ಸಣ್ಣ ಘಟಕಗಳಿಂದ ಹೊರಬೀಳುವ ನೀರಿನ ಪಿಎಚ್, ವಾಹಕತೆ, ಉಷ್ಣತೆಯನ್ನು ಗಂಟೆಗೊಮ್ಮೆ ಅಳೆದು ಮಾಲೀಕನ ಮೊಬೈಲಿಗೆ ಕಳಿಸುವ ಒಂದು ಪೆಟ್ಟಿಗೆ. ದೊಡ್ಡ ಕಂಪನಿಗೆ ಸ್ವಂತ ಲ್ಯಾಬ್ ಇರುತ್ತದೆ. ಹತ್ತು ಜನರ ಘಟಕಕ್ಕೆ ಕೆಮಿಸ್ಟ್ ಇಟ್ಟುಕೊಳ್ಳುವುದೇ ಕಷ್ಟ, ಅವರಿಗಾಗಿ ಇದು ಎಂಬುದು ಲೆಕ್ಕಾಚಾರ.

ಸಾಫ್ಟ್‌ವೇರ್ ಮೂರು ಭಾನುವಾರಗಳಲ್ಲಿ ಮುಗಿಯಿತು. ಅದು ನಮ್ಮ ಕಸುಬು. ಸೆನ್ಸರ್ ಮಾತ್ರ ಮಾತು ಕೇಳಲಿಲ್ಲ. ಹೊಲಸು ನೀರಿನಲ್ಲಿ ನಾಲ್ಕು ದಿನ ಇದ್ದರೆ ಅದರ ಮೇಲೆ ಪಾಚಿಯಂಥ ಪದರ ಕಟ್ಟುತ್ತಿತ್ತು, ಆಮೇಲೆ ತೋರಿಸುವುದೆಲ್ಲ ಸುಳ್ಳು. ಎಷ್ಟು ಸುಳ್ಳು ಎಂದು ಗೊತ್ತಾಗಬೇಕಾದರೆ ಅದೇ ನೀರನ್ನು ಒಳ್ಳೆಯ ಉಪಕರಣದಲ್ಲಿ ಮತ್ತೆ ಮತ್ತೆ ಅಳೆದು ತಾಳೆ ನೋಡಬೇಕು. ಖಾಸಗಿ ಲ್ಯಾಬಿನಲ್ಲಿ ಸ್ಯಾಂಪಲ್ ಲೆಕ್ಕದಲ್ಲಿ ದುಡ್ಡು. ನಮಗೆ ಬೇಕಾದದ್ದು ನೂರಾರು ಸ್ಯಾಂಪಲ್.

ಒಂದು ಎಂಜಿನಿಯರಿಂಗ್ ಕಾಲೇಜಿಗೆ ಹೋದೆವು. ಬೇಕಾದ ಉಪಕರಣ ಇತ್ತು, ಪ್ಲಾಸ್ಟಿಕ್ ಕವರ್ ಹೊದ್ದು ಕೂತಿತ್ತು. ಲ್ಯಾಬ್ ಸಮಯ ಹತ್ತರಿಂದ ಐದು, ಭಾನುವಾರ ರಜೆ. ಹೊರಗಿನವರಿಗೆ ಕೊಡಬೇಕಾದರೆ ಕಂಪನಿಯ ಲೆಟರ್‌ಹೆಡ್ ಬೇಕು. ಕಂಪನಿ ಮಾಡಲು ಪೆಟ್ಟಿಗೆ ಕೆಲಸ ಮಾಡಬೇಕು, ಪೆಟ್ಟಿಗೆ ಕೆಲಸ ಮಾಡಲು ಉಪಕರಣ ಬೇಕು. ಅದೇ ಕಾಲೇಜಿನ ಬಾಗಿಲಲ್ಲಿ ‘ಇನ್‌ಕ್ಯುಬೇಷನ್ ಸೆಂಟರ್’ ಎಂಬ ಹೊಸ ಬೋರ್ಡ್ ಹೊಳೆಯುತ್ತಿತ್ತು. ಒಳಗೆ ಬಣ್ಣದ ಕುರ್ಚಿಗಳು, ಗೋಡೆಯ ಮೇಲೆ ಸ್ಟೀವ್ ಜಾಬ್ಸ್. ಲ್ಯಾಬ್ ಸಹಾಯಕರನ್ನು ದೂರುವುದಿಲ್ಲ, ಪಾಪ ಅವರು ಚಹಾ ಕೊಟ್ಟು ಕೂರಿಸಿದರು. ಉಪಕರಣ ಕೆಟ್ಟರೆ ಉತ್ತರ ಕೊಡಬೇಕಾದವರು ಅವರೇ.

ಮೂರನೇ ಸಲ ಬರಿಗೈಯಲ್ಲಿ ಬಂದ ಸಂಜೆ ಇದನ್ನೆಲ್ಲ ಸೋದರಮಾವನಿಗೆ ಹೇಳಿಕೊಂಡೆ. ಹದಿಮೂರನೇ ವಯಸ್ಸಿಗೆ ಕಾರ್ಕಳದಿಂದ ಬಂದು ಹೋಟೆಲಿನಲ್ಲಿ ಕಪ್ಪು ತೊಳೆದು, ಕಡೆಗೆ ಡೊಂಬಿವಲಿಯಲ್ಲಿ ಸ್ವಂತ ಹೋಟೆಲ್ ಇಟ್ಟವರು. ಎಲ್ಲ ಕೇಳಿ ಅವರು ಅಂದದ್ದು ಇಷ್ಟೇ: “ನಿಮ್ಮ ಕಾಲೇಜಿಗೆ ನೈಟ್ ಇಲ್ವಾ ಮಾರಾಯ?”

ಮಾವ ಓದಿದ್ದು ಮುಂಬಯಿಯ ಕನ್ನಡ ರಾತ್ರಿ ಶಾಲೆಯಲ್ಲಿ. ಮೊಗವೀರ, ಗುರುನಾರಾಯಣ ಮುಂತಾದ ರಾತ್ರಿ ಶಾಲೆಗಳ ಬಗ್ಗೆ ಊರಿಂದ ಬಂದ ನಮ್ಮವರಿಗೆ ಹೊಸದಾಗಿ ಹೇಳಬೇಕಿಲ್ಲ. ಹೋಟೆಲ್ ಹುಡುಗನಿಗೆ ಬಿಡುವು ಸಿಗುವುದು ಸಂಜೆ ಎಂದು ಗೊತ್ತಿದ್ದವರು ಶಾಲೆಯನ್ನೇ ಸಂಜೆಗೆ ತಂದಿಟ್ಟರು. ಕಟ್ಟಡ ಬೇರೆಯವರದು, ಬೆಂಚು ಹಗಲಿನ ಮಕ್ಕಳದು. ಹಾಗೆ ಓದಿ ಲೆಕ್ಕ, ಇಂಗ್ಲಿಷ್ ಕಲಿತವರಲ್ಲಿ ಎಷ್ಟೋ ಜನ ಮುಂದೆ ಗಲ್ಲಾಪೆಟ್ಟಿಗೆಯ ಹಿಂದೆ ಕೂತರು. ಸ್ಟಾರ್ಟಪ್ ಎಂಬ ಪದ ಯಾರ ಕಿವಿಗೂ ಬೀಳದ ಕಾಲದಲ್ಲಿ ಶಿಕ್ಷಣ ಸಂಸ್ಥೆಯೊಂದು ಉದ್ಯಮಿಯನ್ನು ತಯಾರು ಮಾಡಿದ ರೀತಿ ಅದು.

ಮುಂಬೈ ವಿಶ್ವವಿದ್ಯಾಲಯಕ್ಕೆ ಥಾಣೆಯಲ್ಲೂ ಕಲ್ಯಾಣದಲ್ಲೂ ಉಪಕೇಂದ್ರಗಳಿವೆ. 2016ರ ಮಹಾರಾಷ್ಟ್ರ ಸಾರ್ವಜನಿಕ ವಿಶ್ವವಿದ್ಯಾಲಯಗಳ ಕಾಯ್ದೆಯಲ್ಲಿ ನಾವೀನ್ಯ ಮತ್ತು ಇನ್‌ಕ್ಯುಬೇಷನ್‌ಗೆಂದೇ ನಿರ್ದೇಶಕರ ಹುದ್ದೆಯಿದೆ. ಅಂದರೆ ಮನಸ್ಸೂ ಇದೆ, ಕಾನೂನೂ ಇದೆ. ನಾನು ಕೇಳುವುದು ಇನ್ನೊಂದು ಕಟ್ಟಡವನ್ನಲ್ಲ. ವಾರಕ್ಕೆ ಎರಡು ಸಂಜೆ ಮತ್ತು ಭಾನುವಾರ ಲ್ಯಾಬ್ ತೆರೆದಿರಲಿ. ಒಬ್ಬ ತಂತ್ರಜ್ಞನ ಓವರ್‌ಟೈಮ್, ಉಪಕರಣದ ವಿಮೆ, ರಿಪೇರಿ, ಇದೆಲ್ಲಕ್ಕೂ ಖರ್ಚಿದೆ. ಬಳಸುವವರು ಗಂಟೆಯ ಲೆಕ್ಕದಲ್ಲಿ ಕೊಡಲಿ, ಪುಕ್ಕಟೆ ಬೇಡ. ಲೆಟರ್‌ಹೆಡ್ ಬದಲು ಆಧಾರ್ ಮತ್ತು ಒಂದು ಡಿಪಾಸಿಟ್ ಸಾಕು ಎನ್ನಲಿ. ಕೊನೆಯ ವರ್ಷದ ಹುಡುಗರು ಎಲ್ಲೋ ಜೆರಾಕ್ಸ್ ಅಂಗಡಿಯಲ್ಲಿ ಪ್ರಾಜೆಕ್ಟ್ ಕೊಳ್ಳುವ ಬದಲು ಇಂಥ ಪೆಟ್ಟಿಗೆಯ ಸೆನ್ಸರ್ ತೊಳೆಯುವ ಉಪಾಯ ಹುಡುಕಿದರೆ ಅವರಿಗೂ ಮಾರ್ಕ್ಸ್, ನಮಗೂ ದಾರಿ.

ಎಚ್‌ಪಿ ಕಂಪನಿಯ ಕಥೆಯಲ್ಲಿ ಎಲ್ಲರೂ ಗ್ಯಾರೇಜನ್ನು ನೆನಪಿಡುತ್ತಾರೆ. ಅವರ ಮೊದಲ ಉತ್ಪನ್ನವಾದ ಆಡಿಯೊ ಆಸಿಲೇಟರ್ ಬಿಲ್ ಹ್ಯೂಲೆಟ್ ಸ್ಟ್ಯಾನ್‌ಫರ್ಡ್‌ನಲ್ಲಿ ಬರೆದ ಪ್ರಬಂಧದಿಂದ ಬಂದದ್ದು. ಬೆನ್ನು ತಟ್ಟಿದವರು ಅಲ್ಲಿನ ಮೇಷ್ಟ್ರು ಫ್ರೆಡರಿಕ್ ಟರ್ಮನ್. ಎಂಟು ಆಸಿಲೇಟರ್ ಕೊಂಡು ಶುರುವಿನಲ್ಲೇ ಆಸರೆಯಾದದ್ದು ಡಿಸ್ನಿ ಸ್ಟುಡಿಯೊ. ನನ್ನ ಎಂಟೆಕ್ ಪ್ರಬಂಧ ಯಾವ ಕಪಾಟಿನಲ್ಲಿದೆಯೋ ನನಗೇ ಗೊತ್ತಿಲ್ಲ. ಕೊಳ್ಳುವವರು ಯಾರು ಎಂಬ ಪ್ರಶ್ನೆಯನ್ನು ಗೈಡ್ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ.

ಕೊಳ್ಳುವವರ ವಿಷಯದಲ್ಲಿ ನಮಗೊಂದು ಅನುಕೂಲವಿದೆ. ಥಾಣೆಯಿಂದ ಕಲ್ಯಾಣದವರೆಗೆ, ಅತ್ತ ವಾಶಿ, ನೆರೂಲ್‌ವರೆಗೆ ನಮ್ಮವರ ಹೋಟೆಲುಗಳಿವೆ. ಕರಿದ ಎಣ್ಣೆಯಲ್ಲಿ ‘ಟೋಟಲ್ ಪೋಲಾರ್ ಕಾಂಪೌಂಡ್ಸ್’ ಶೇ 25 ದಾಟಿದರೆ ಮತ್ತೆ ಬಳಸುವಂತಿಲ್ಲ ಎಂಬ ನಿಯಮ 2018ರಿಂದ ಇದೆ. ಬಳಸಿದ ಎಣ್ಣೆಯನ್ನು ಬಯೋಡೀಸೆಲ್‌ಗೆ ಕೊಡುವ ಯೋಜನೆಯೂ ಅದೇ ವರ್ಷ ಬಂತು. ಅಳೆಯುವ ಮೀಟರ್ ಮಾತ್ರ ಸಣ್ಣ ಹೋಟೆಲಿಗೆ ದುಬಾರಿ. ಮಾವನಿಗೆ ಇದನ್ನು ಹೇಳಿದೆ. “ಅಗ್ಗದಲ್ಲಿ ಮಾಡಿಕೊಡು, ಮೊದಲ ಎರಡು ನಾನೇ ತಗೊಳ್ತೇನೆ, ನಾಲ್ಕು ಜನರಿಗೆ ಹೇಳ್ತೇನೆ” ಅಂದರು. ಸುಮ್ಮನೆ ಹೇಳಿದ್ದಲ್ಲ, ಇಬ್ಬರಿಗೆ ಆಗಲೇ ಫೋನ್ ಮಾಡಿದ್ದಾರೆ.

ನಮ್ಮ ಮೂವರಲ್ಲಿ ಒಬ್ಬ ಪುಣೆ ಸೇರಿದ, ನೀರಿನ ಪೆಟ್ಟಿಗೆ ಅಟ್ಟದ ಮೇಲಿದೆ. ಉಳಿದ ಇಬ್ಬರು ಈ ಸಲ ಎಣ್ಣೆಯ ಸ್ಯಾಂಪಲ್ ಹಿಡಿದು ಇನ್ನೊಂದು ಕಾಲೇಜಿಗೆ ಹೋಗುವವರಿದ್ದೇವೆ. ಈ ಊರುಗಳ ಕಾಲೇಜುಗಳಲ್ಲಿ ಕೆಮಿಸ್ಟ್ರಿ ಕಲಿಸುವ ಕನ್ನಡಿಗರು ಇದನ್ನು ಓದುತ್ತಿದ್ದರೆ ಒಂದೇ ಕೋರಿಕೆ: ಯಾವ ಸಂಜೆ ಲ್ಯಾಬಿನ ಬೀಗ ತೆಗೆಸಬಹುದು, ಗಂಟೆಗೆ ಎಷ್ಟಾಗುತ್ತದೆ, ತಿಳಿಸಿ. ಆರೂವರೆಯ ಮೇಲೆ ಯಾವ ದಿನವಾದರೂ ಬರುತ್ತೇವೆ.