ಶತ್ರುವಿನ ಗಾಯ ಕಟ್ಟಿದ ದಂಪತಿಗಳು

ಜಪಾನ್ ದೇಶದಲ್ಲಿ ಎಳೆಯರು, ಬೆಳೆದವರು ಎಂಬ ಭೇದವಿಲ್ಲದೆ ಓದುವ ಚಿತ್ರಕಥೆಗಳಿಗೆ ‘ಮಾಂಗಾ’ ಎಂದು ಹೆಸರು. ಬಲದಿಂದ ಎಡಕ್ಕೆ ಓದಿಕೊಂಡು ಹೋಗಬೇಕಾದ ಈ ಪುಸ್ತಕಗಳು ಇಂದು ನಮ್ಮ ಮನೆಗಳ ಮಕ್ಕಳ ಕೈಯಲ್ಲಿಯೂ ಕಾಣಿಸುತ್ತಿವೆ. ಕತ್ತಿ, ಮಾಯೆ, ರಾಕ್ಷಸರ ಗದ್ದಲವೆಂದು ಹಿರಿಯರು ಅವನ್ನು ದೂರ ಸರಿಸುವುದುಂಟು. ಗದ್ದಲವಿರುವುದು ನಿಜವೇ. ಆದರೆ ಅಂತಹ ಒಂದು ಕಥೆಯ ಅಂಚಿನಲ್ಲಿ, ಕೆಲವೇ ಪುಟಗಳಲ್ಲಿ ಬಂದು ಮರೆಯಾಗುವ ವೈದ್ಯ ದಂಪತಿಗಳನ್ನು ಕುರಿತು ಈ ತಿಂಗಳು ನಾಲ್ಕು ಮಾತು ಬರೆಯಬೇಕೆಂದು ನಮಗೆ ತೋರಿದೆ.

ಕೃತಿಯ ಹೆಸರು ‘ಹಗಾನೆ ನೊ ರೆಂಕಿನ್‌ಜುತ್ಸುಶಿ’. ‘ಉಕ್ಕಿನ ರಸವಾದಿ’ ಎಂದು ಕನ್ನಡಿಸಬಹುದು. ಕರ್ತೃ ಹಿರೊಮು ಅರಕಾವಾ ಎಂಬ ಮಹಿಳೆ. 1973ರಲ್ಲಿ ಹೊಕ್ಕೈಡೊ ದ್ವೀಪದ ಹೈನುಗಾರರ ಮನೆಯಲ್ಲಿ ಹುಟ್ಟಿದವರು. 2001ರಿಂದ 2010ರವರೆಗೆ ಒಂದು ಮಾಸಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಈ ಕಥೆ 27 ಸಂಪುಟಗಳಷ್ಟಿದೆ. ಕಥೆಯ ಲೋಕವನ್ನು ಆಳುವ ನಿಯಮ ಒಂದೇ: ಏನನ್ನಾದರೂ ಪಡೆಯಬೇಕಾದರೆ ಅದಕ್ಕೆ ಸಮನಾದುದನ್ನು ತೆರಬೇಕು. ತೀರಿಹೋದ ತಾಯಿಯನ್ನು ರಸವಿದ್ಯೆಯಿಂದ ಬದುಕಿಸಲು ಹೊರಟ ಇಬ್ಬರು ಬಾಲಕರಲ್ಲಿ ಅಣ್ಣನಾದ ಎಡ್ವರ್ಡ್ ಒಂದು ಕೈ, ಒಂದು ಕಾಲು ಕಳೆದುಕೊಳ್ಳುತ್ತಾನೆ. ತಮ್ಮನಾದ ಆಲ್ಫಾನ್ಸ್ ಇಡೀ ದೇಹವನ್ನೇ ಕಳೆದುಕೊಳ್ಳುತ್ತಾನೆ. ತಾಯಿಯಂತೂ ಮರಳುವುದಿಲ್ಲ.

ಈ ಬಾಲಕರ ನೆರೆಮನೆಯವರು ಯೂರಿ ಮತ್ತು ಸಾರಾ ರಾಕ್‌ಬೆಲ್. ಇಬ್ಬರೂ ಶಸ್ತ್ರವೈದ್ಯರು. ಅವರ ದೇಶವಾದ ಅಮೆಸ್ಟ್ರಿಸ್, ತನ್ನದೇ ಗಡಿಯೊಳಗಿನ ಇಷ್ವಾಲ್ ಜನಾಂಗದ ಮೇಲೆ ಯುದ್ಧ ಹೂಡಿದೆ. ಸೈನಿಕನೊಬ್ಬನ ಗುಂಡಿಗೆ ಒಂದು ಮಗು ಬಲಿಯಾದುದರಿಂದ ಹೊತ್ತಿಕೊಂಡ ಕಲಹ ವರ್ಷಗಟ್ಟಲೆ ಉರಿದು, ಕೊನೆಗೆ ಇಡೀ ಜನಾಂಗವನ್ನೇ ಅಳಿಸಿಹಾಕುವ ಆಜ್ಞೆಯಲ್ಲಿ ಮುಗಿಯುತ್ತದೆ. ದಂಪತಿಗಳು ಆ ನೆಲಕ್ಕೆ ಸ್ವಂತ ಇಚ್ಛೆಯಿಂದ ಹೋಗಿ, ಮುರುಕು ಮನೆಯಲ್ಲಿ ಚಿಕಿತ್ಸಾಲಯ ತೆರೆದು, ತಮ್ಮ ಸೈನ್ಯ ಕೊಲ್ಲಲು ಹೊರಟ ಜನರಿಗೇ ಔಷಧ ಹಾಕುತ್ತಾರೆ. ಅಪಾಯ ಬಾಗಿಲಿಗೆ ಬಂದಾಗಲೂ ಹಿಂದಿರುಗಬಹುದಾಗಿತ್ತು. ರೋಗಿಗಳನ್ನು ಬಿಟ್ಟು ಹಿಂದಿರುಗಲಿಲ್ಲ.

ಊರಿನಲ್ಲಿ ಅಜ್ಜಿ ಪಿನಾಕೊಳ ಬಳಿ ಅವರ ಪುಟ್ಟ ಮಗಳು ವಿನ್ರಿ ಇದ್ದಳೆಂಬುದನ್ನು ಓದುಗರು ಮರೆಯಬಾರದು. ಹೆತ್ತ ಮಗುವನ್ನು ಬಿಟ್ಟು ಪರರ ಮಕ್ಕಳ ಗಾಯ ಕಟ್ಟಲು ಹೋಗುವುದು ಧರ್ಮವೇ ಎಂದು ಯಾವ ತಾಯಿಯಾದರೂ ಕೇಳಿಯಾಳು. ಸುಲಭವಾಗಿ ಉತ್ತರಿಸುವ ಧೈರ್ಯ ನಮಗಿಲ್ಲ. ಲೇಖಕಿಯೂ ಉತ್ತರಿಸುವುದಿಲ್ಲ, ಅವರ ತ್ಯಾಗದ ಬೆಲೆಯನ್ನು ತೆತ್ತವಳು ಆ ಹುಡುಗಿಯೂ ಹೌದೆಂದು ತೋರಿಸಿ ಸುಮ್ಮನಾಗುತ್ತಾರೆ.

ಒಂದು ದಿನ ಚಿಕಿತ್ಸಾಲಯಕ್ಕೆ ಮರಣೋನ್ಮುಖನಾದ ಇಷ್ವಾಲ್ ತರುಣನೊಬ್ಬನನ್ನು ತರುತ್ತಾರೆ. ಅವನ ಬಂಧುಗಳೆಲ್ಲ ಹತರಾಗಿದ್ದಾರೆ. ಸಾಯುವ ಮುನ್ನ ಅಣ್ಣನು ತನ್ನ ಬಲಗೈಯನ್ನೇ ತಮ್ಮನಿಗೆ ಕೊಟ್ಟುಹೋಗಿದ್ದಾನೆ. ದಂಪತಿಗಳ ಆರೈಕೆಯಿಂದ ಉಳಿದ ಆ ತರುಣ ಕಣ್ಣು ತೆರೆದಾಗ ಕಂಡದ್ದು ತನ್ನ ಮೈಗೆ ಹತ್ತಿದ ಅಣ್ಣನ ಕೈ, ಮತ್ತು ಎದುರಿಗೆ ನಿಂತ ಶತ್ರುಜನಾಂಗದ ಎರಡು ಮುಖ. ದುಃಖವು ಉನ್ಮಾದವಾಗಿ, ಕೈಗೆ ಸಿಕ್ಕ ಅಲಗಿನಿಂದ ತನಗೆ ಪ್ರಾಣ ಕೊಟ್ಟವರನ್ನೇ ಕೊಲ್ಲುತ್ತಾನೆ. ಮುಂದೆ ಮುಖದ ಮೇಲಿನ ಗಾಯದ ಗುರುತಿನಿಂದ ಅವನಿಗೆ ಸ್ಕಾರ್ ಎಂದೇ ಹೆಸರಾಗುತ್ತದೆ.

2003ರಲ್ಲಿ ಈ ಕಥೆಯನ್ನು ಮೊದಲ ಸಲ ದೂರದರ್ಶನಕ್ಕೆ ತಂದವರು ಈ ಭಾಗವನ್ನು ಬದಲಾಯಿಸಿದರು. ಅಲ್ಲಿ ವೈದ್ಯರನ್ನು ಕೊಲ್ಲುವವನು ಮೇಲಿನವರ ಆಜ್ಞೆಗೆ ತಲೆಬಾಗಿದ ಅವರದೇ ದೇಶದ ಸೇನಾಧಿಕಾರಿ. ಅದೂ ಹೃದಯವಿದ್ರಾವಕವೇ; ಆದರೆ ಅಲ್ಲಿ ಸಿಟ್ಟು ಸುಲಭವಾಗಿ ಸರ್ಕಾರದ ಕಡೆಗೆ ಹರಿದುಹೋಗುತ್ತದೆ. ಮೂಲದಲ್ಲಿ ಓದುಗನಿಗೆ ಆ ಅನುಕೂಲವಿಲ್ಲ. ಕೊಂದವನ ಸಂಕಟವನ್ನೂ ನಾವು ಕಣ್ಣಾರೆ ಕಂಡಿರುತ್ತೇವೆ. ಮೂಲವೇ ಹೆಚ್ಚು ಪ್ರಾಮಾಣಿಕವೆಂದು ನಮ್ಮ ಅಭಿಪ್ರಾಯ. 2009ರ ಎರಡನೆಯ ರೂಪಾಂತರ ಅದನ್ನೇ ಅನುಸರಿಸಿತು.

ಸಮನಾದುದಕ್ಕೆ ಸಮನಾದುದು ಎಂಬ ನಿಯಮ ಇಲ್ಲಿ ಎಲ್ಲಿ ಉಳಿಯಿತು? ಕೊಟ್ಟದ್ದು ಪ್ರಾಣದಾನ, ಬಂದದ್ದು ಮರಣ. ಬಹಳ ವರ್ಷಗಳ ಮೇಲೆ, ಮರಳುಗಾಡಿನ ಹಾಳೂರೊಂದರಲ್ಲಿ ಅಡಗಿರುವ ಇಷ್ವಾಲರು ಆ ವೈದ್ಯರನ್ನು ನೆನೆದು ಎಡ್ವರ್ಡನ ಮುಂದೆ ಕೃತಜ್ಞತೆಯಿಂದ ಮಾತಾಡುತ್ತಾರೆ. ಕೊಂದವನು ತಮ್ಮವನೇ ಎಂಬುದನ್ನೂ ಮುಚ್ಚಿಡುವುದಿಲ್ಲ.

ಇತ್ತ ವಿನ್ರಿ ಬೆಳೆದು, ಅಜ್ಜಿಯಿಂದ ಕಲಿತು, ಅಂಗವಿಹೀನರಿಗೆ ಉಕ್ಕಿನ ಕೈಕಾಲು ಜೋಡಿಸುವ ಕೆಲಸದಲ್ಲಿ ನಿಪುಣೆಯಾಗಿದ್ದಾಳೆ. ಸ್ಕಾರ್‌ನೇ ಹೆತ್ತವರ ಹಂತಕನೆಂದು ತಿಳಿದ ದಿನ ನೆಲದ ಮೇಲೆ ಬಿದ್ದಿದ್ದ ಬಂದೂಕನ್ನು ಎತ್ತಿಕೊಳ್ಳುತ್ತಾಳೆ. ಕೈ ನಡುಗುತ್ತದೆ, ಗುಂಡು ಹಾರಿಸಲಾರಳು. ಕೊಲ್ಲುವ ಕೈಯಲ್ಲ ಅದು, ಬದುಕಿಸುವ ಕೈ ಎಂದು ಎಡ್ವರ್ಡ್ ಅವಳನ್ನು ತಡೆಯುತ್ತಾನೆ.

ಅವರು ಮತ್ತೊಮ್ಮೆ ಎದುರಾಗುವುದು ಉತ್ತರದ ಹಿಮಪ್ರದೇಶದಲ್ಲಿ. ಈಗ ಸ್ಕಾರ್ ಸೆರೆಸಿಕ್ಕಿದ್ದಾನೆ, ಅವನ ತೋಳಿನಿಂದ ರಕ್ತ ಒಸರುತ್ತಿದೆ. ವಿನ್ರಿ ಹತ್ತಿರ ಹೋಗಿ ಆ ಗಾಯಕ್ಕೆ ಪಟ್ಟಿ ಕಟ್ಟುತ್ತಾಳೆ. ಅಪ್ಪ ಅಮ್ಮ ಇದ್ದಿದ್ದರೆ ಹೀಗೆಯೇ ಮಾಡುತ್ತಿದ್ದರು ಎನ್ನುತ್ತಾಳೆ. ತನ್ನನ್ನು ಕ್ಷಮಿಸಿದೆಯಾ ಎಂದು ಅವನು ಬೆರಗಿನಿಂದ ಕೇಳಿದಾಗ, ಆ ಅನ್ಯಾಯವನ್ನು ತಾನು ಕ್ಷಮಿಸಿಲ್ಲವೆಂದು ಸ್ಪಷ್ಟವಾಗಿ ಹೇಳುತ್ತಾಳೆ. ಹಾಗೆಂದು ಪಟ್ಟಿಯನ್ನು ಅರ್ಧಕ್ಕೆ ಬಿಡುವುದಿಲ್ಲ.